ಬಾಡಿಗೆ ಬೇರೆ, ಲೆನ್ಸಿಗೆ ಬೇರೆ

ಪ್ರೀತಿಯ ಅಪ್ಪನಿಗೆ,

ನಾನು ಚೆನ್ನಾಗಿದ್ದೇನೆ, ಅಮ್ಮನಿಗೂ ಹೇಳು.

ನಮ್ಮ ಸ್ಟುಡಿಯೋ ಯಜಮಾನರು, "ಸ್ವಂತ ಕ್ಯಾಮೆರಾ ಇದ್ದರೆ ಫೋಟೋ ತೆಗೆಯಲು ಕಳಿಸುತ್ತೇನೆ, ಇಲ್ಲದಿದ್ದರೆ ಪ್ರಿಂಟ್ ಕತ್ತರಿಸುತ್ತಾ ಕೂತಿರು" ಎಂದು ಹೇಳಿದ್ದಾರೆ. ಅದಕ್ಕೇ ನಿನ್ನೆ ಧೈರ್ಯ ಮಾಡಿ ಕ್ಯಾಮೆರಾ ಅಂಗಡಿಗೆ ಹೋದೆ. ಕಲಿಯುವವರಿಗೆ ಸಾಕಾಗುವಂಥ, ಕಡಿಮೆ ಬೆಲೆಯ ಡಿಎಸ್‌ಎಲ್‌ಆರ್ ಕೇಳಿದೆ.

"ಬಾಡಿಗೆ ಬೇರೆ, ಲೆನ್ಸಿಗೆ ಬೇರೆ ರೇಟಮ್ಮ" ಎಂದರು ಅಂಗಡಿಯವರು.

"ಬಾಡಿಗೆಗೆ ಬೇಡ ಸಾರ್, ಸ್ವಂತಕ್ಕೇ ಬೇಕು" ಎಂದೆ.

ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ತಾಯಿ, ಕ್ಯಾಮೆರಾದ ಮೈಗೆ ಬಾಡಿ ಅಂತಾರೆ!"

ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಆಮೇಲೆ ಅವರೇ ಲೆನ್ಸಿನ ಸಮೇತ ಒಂದು ಹಳೆಯ ಕ್ಯಾಮೆರಾ ಕೈಗೆ ಕೊಟ್ಟು, "ನನ್ನದೇ ಒಂದು ಫೋಟೋ ಹೊಡಿ, ನೋಡೋಣ" ಎಂದರು. ಕಣ್ಣಿಗಿಟ್ಟುಕೊಂಡೆ. ಅವರು ನನ್ನನ್ನೇ ನೋಡುತ್ತಿದ್ದರೂ ನಾನು ತಲೆ ತಗ್ಗಿಸಲಿಲ್ಲ. "ಸ್ವಲ್ಪ ಬಲಕ್ಕೆ ತಿರುಗಿ" ಎಂದೂ ಹೇಳಿಬಿಟ್ಟೆ. ಅವರ ನಗು ಚೆನ್ನಾಗಿ ಬಂದಿದೆ.

ಆ ಕ್ಯಾಮೆರಾವನ್ನು ಭಾನುವಾರದವರೆಗೆ ತೆಗೆದಿಡುತ್ತಾರಂತೆ. ನನ್ನ ಉಳಿತಾಯ ಸಾಲುತ್ತದೆ, ದುಡ್ಡು ಬೇಡ. ನೀನು ಜೊತೆಗೆ ಬಂದು ನಿಂತರೆ ಸಾಕು, ಮಾತು ನಾನೇ ಆಡುತ್ತೇನೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಾ, ನಿನ್ನ ಫೋಟೋ ತೆಗೆಯಬೇಕು.

ಇಂತಿ,
ನಿನ್ನ ಮೌನಗೌರಿ