ಕಿವಿಗಂಬದ ಮುಂದೆ ಆಡಿದ ಮಾತು

ಬಿಳಿಮರಳು ಪಟ್ಟಣ, ಒರೆಸುಕೇರಿ
ನಾಲ್ಕನೆಯ ನೀರೆಣಿಕೆಯ ಇನ್ನೂರ ಹನ್ನೊಂದನೆಯ ವರ್ಷ, ಸುಡುತಿಂಗಳ ಮೂವತ್ತೇಳನೆಯ ದಿನ

ಹಿಂದಿನವರಿಗೆ ದ್ಯಾಮಕ್ಕ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನೋಡಿ ಕಾಗದ ಬಿಸಾಡಬೇಡಿ. ನಿಮ್ಮ ಲೆಕ್ಕದಲ್ಲಿ ಅದು ಯಾವ ಇಸವಿಯೋ ನನಗೆ ತಿಳಿಯದು. ನಡುವೆ ಎಣಿಕೆ ಮೂರು ಸಲ ತಪ್ಪಿಹೋಗಿದೆ. ಪಟ್ಟಣದ ನೀರನ್ನು ಕೊನೆಯ ಸಲ ಅಳೆದು ಹಂಚಿದ ದಿನದಿಂದ ನಾವು ವರ್ಷ ಎಣಿಸುತ್ತೇವೆ, ಅದಕ್ಕೇ ನೀರೆಣಿಕೆ ಎಂಬ ಹೆಸರು. ನನ್ನ ಕನ್ನಡ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸಿ. ಅರ್ಧ ಅಜ್ಜಿಯ ಬಾಯಿಂದ ಬಂದದ್ದು, ಇನ್ನರ್ಧ ಈ ಒಂದು ತಿಂಗಳಲ್ಲಿ ಹಳೆಯ ಸರ್ಕಾರಿ ಕಾಗದ ಓದಿ ಓದಿ ಅಂಟಿಕೊಂಡದ್ದು. ಹೀಗೆ ಹಿಂದಿನ ಕಾಲಕ್ಕೆ ಬರೆದು ಕಳಿಸುವುದಕ್ಕೆ ಹಿಂದೋಲೆ ಎನ್ನುತ್ತೇವೆ. ಒಬ್ಬರಿಗೆ ಜನ್ಮದಲ್ಲಿ ಒಂದೇ ಹಿಂದೋಲೆ. ಹೆಚ್ಚಿನವರು ಮದುವೆಯ ಕಾಲಕ್ಕೆ ಹಿರಿಯರ ಆಶೀರ್ವಾದ ಬೇಡಿ ಬರೆದು ಮುಗಿಸುತ್ತಾರೆ. ತಲುಪಿತೋ ಇಲ್ಲವೋ ಕಂಡವರಿಲ್ಲ. ನಾನು ನಲವತ್ತಾರು ವರ್ಷ ನನ್ನದನ್ನು ಜೋಪಾನ ಮಾಡಿಟ್ಟಿದ್ದೆ. ಇವತ್ತು ತಂಗಿ ಸಿರಿಯಮ್ಮನಿಗಾಗಿ ಅದನ್ನು ಬಳಸುತ್ತಿದ್ದೇನೆ. ಅವಳ ಜೀವ ಉಳಿಯುವುದು ನೀವು ಬರೆಯುವ ಒಂದು ಪುಟ ಕಾಗದದ ಮೇಲೆ ನಿಂತಿದೆ.

ನಾವು ಗಾಜು ಒರೆಸುವವರು. ನಮ್ಮ ಹಿರಿಯರು ಹಿರಿಯೂರು ಎಂಬ ಕಡೆಯಿಂದ ಈ ಮರಳುಗಾಡಿನ ಪಟ್ಟಣಕ್ಕೆ ಗೋಪುರಗಳ ಗಾಜು ಒರೆಸಲು ಬಂದು ಇಲ್ಲೇ ಉಳಿದರಂತೆ. ಇವತ್ತಿಗೂ ನಮಗೆ ಅದೇ ಕೆಲಸ. ಒಣಬಟ್ಟೆಯಲ್ಲಿ ಒರೆಸಬೇಕು, ಒಂದು ಹನಿ ನೀರು ಮುಟ್ಟಿಸುವಂತಿಲ್ಲ. ಗಾಳಿಗೆ ಮರಳಿನ ಬರವಿಲ್ಲವಾದ್ದರಿಂದ ನಮಗೆ ಕೆಲಸದ ಬರವೂ ಇಲ್ಲ. ಆಳಿಗೆ ದಿನಕ್ಕೆ ಒಂದು ಚೆಂಬು ನೀರು. ಮುಖ ತೊಳೆಯುವುದು ಹಬ್ಬಕ್ಕೆ ಮಾತ್ರ. ಹುರಿದ ಹಿಟ್ಟನ್ನು ಎಣ್ಣೆಯಲ್ಲಿ ಕಲಸಿ ಉಂಡೆ ಕಟ್ಟಿ ತಿನ್ನುತ್ತೇವೆ, ಅದನ್ನು ಮುದ್ದೆ ಎಂದು ಕರೆಯುವುದನ್ನು ಮಾತ್ರ ಬಿಟ್ಟಿಲ್ಲ. ಅಜ್ಜಿ ಅದನ್ನು ಕಂಡಾಗಲೆಲ್ಲ ಮೂಗು ಮುರಿಯುತ್ತಿದ್ದಳು. ಅವಳೂ ನಿಜವಾದ ಮುದ್ದೆ ಕಂಡವಳಲ್ಲ ಬಿಡಿ.

ಇಂಥ ಊರಿನಲ್ಲಿ ಕೋಟಿಹೂ ಎಂಬ ತೋಟವಿದೆ. ಆಕಾಶವನ್ನೇ ಮುಚ್ಚುವಂಥ ಗಾಜಿನ ಚಾವಣಿ, ಅದರಡಿ ಒಂದು ಹರದಾರಿ ಉದ್ದಕ್ಕೂ ಹೂವು. ಒಂದೊಂದು ಕೇರಿಗೆ ಎಂಬತ್ತು ವರ್ಷಕ್ಕೊಮ್ಮೆ ಅದನ್ನು ನೋಡುವ ಸರದಿ. ಈ ಸಲ ಕರೆ ಬಂದಾಗ ಸಿರಿ ಕುಣಿದಾಡಿದಳು. ತನ್ನ ಗಂಡ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದ ಹುಡುಗಿ ಅವಳು. ಹುಡುಗಿ ಎಂದೆ, ಮೂವತ್ತೆಂಟು ವಯಸ್ಸು, ನನಗೆ ಮಾತ್ರ ಹುಡುಗಿ. ಅಜ್ಜಿಯ ಹಳದಿ ಸೀರೆ ಉಟ್ಟು, ಖಾಲಿ ಹೆರಳಿಗೆ ಎಣ್ಣೆ ಸವರಿ, ಬೆಳಗಾಗುವ ಮೊದಲೇ ತಯಾರಾಗಿ ಕೂತಿದ್ದಳು. ತಂಪುಬಂಡಿಯಲ್ಲಿ ದಾರಿಯುದ್ದಕ್ಕೂ ಅವಳದೇ ಮಾತು. ನನಗೆ ಕಾಲುನೋವು, ಹೋಗುವ ಮನಸ್ಸೂ ಅಷ್ಟಿರಲಿಲ್ಲ.

ಬಾಗಿಲಲ್ಲಿ ಎಲ್ಲರನ್ನೂ ತೂಕಕ್ಕೆ ನಿಲ್ಲಿಸಿದರು. ಹೆಂಗಸರು ನಕ್ಕೂ ನಕ್ಕೂ ಸುಸ್ತಾದರು. ಒಳಗೆ ಕಾಲಿಟ್ಟೊಡನೆ ಮುಖಕ್ಕೆ ಒದ್ದೆ ಗಾಳಿ ಬಡಿಯಿತು. ಗಾಳಿ ಒದ್ದೆಯಾಗಿರಬಹುದು ಎಂಬುದೇ ನಮಗೆ ಗೊತ್ತಿರಲಿಲ್ಲ. ಸಿರಿಯ ರೆಪ್ಪೆಯ ಮೇಲೆ ಸಣ್ಣ ಹನಿಗಳು ಕೂತವು, ಅವಳು ಅಳತೊಡಗಿದಳು. ಸೇವಂತಿಗೆಯ ಗೋಡೆ, ಕನಕಾಂಬರದ ಕಮಾನು, ಚೆಂಡುಹೂವಿನಲ್ಲೇ ಮಾಡಿದ ಆನೆ, ಅದರ ಬೆನ್ನ ಮೇಲೆ ಗುಲಾಬಿಯ ಅಂಬಾರಿ. ಹೆಸರು ಗೊತ್ತಿದ್ದು ಮುಖ ಕಾಣದಿದ್ದ ನೆಂಟರನ್ನೆಲ್ಲ ಒಂದೇ ದಿನ ಕಂಡಂತಾಯಿತು. ಹತ್ತು ಹೆಜ್ಜೆಗೊಂದು ಫಲಕ: ನಿಧಾನವಾಗಿ ನಡೆಯಿರಿ, ಇಲ್ಲಿ ಯಾರಿಗೂ ಅವಸರವಿಲ್ಲ. ನಾವೂ ನಿಧಾನವಾಗಿಯೇ ನಡೆದೆವು. ಬೆನ್ನೆಲ್ಲ ಬೆವರಿತು. ಸಂಜೆ ಹೊರಡುವಾಗ ಮತ್ತೆ ತೂಗಿದರು. ನಾನು ಮುಕ್ಕಾಲು ಸೇರು ಇಳಿದಿದ್ದೆ. ಆ ಮುಕ್ಕಾಲು ಸೇರು ಯಾರಿಗೆ ಸಂದಿತು ಎಂಬುದು ಆಗ ನನಗೆ ಹೊಳೆಯಲಿಲ್ಲ. ಮರಳುಗಾಡಿನಲ್ಲಿ ಹೂವಿಗೆ ತೇವ ಸಿಗುವುದು ಮನುಷ್ಯರ ಉಸಿರಿನಿಂದ, ಬೆವರಿನಿಂದ.

ನೋಡಲು ಬಂದವರ ಬೆವರು ಸಾಲದು. ಪಾತಿಗಳ ನಡುವೆ ಬೂದುಬಟ್ಟೆ ಉಟ್ಟವರು ಸಾಲುಸಾಲಾಗಿ ಸುಮ್ಮನೆ ಕೂತಿದ್ದರು. ಅವರಿಗೆ ಹೂವಾಳುಗಳು ಎನ್ನುತ್ತಾರೆ. ಅವರಿಗೆ ಕಳೆ ಕೀಳುವ ಕೆಲಸವಿಲ್ಲ, ಉಸಿರಾಡುವುದೇ ಕೆಲಸ. "ಎಷ್ಟು ಪುಣ್ಯ ಮಾಡಿದ್ರೋ ಅಕ್ಕ, ದಿನಾ ಹೂವಿನ ಮಧ್ಯೆ ಇರ್ತಾರೆ" ಎಂದಳು ಸಿರಿ. ನಾನು ಅವರ ತುಟಿ ನೋಡಿದೆ. ಒಡೆದು ಕಪ್ಪಾಗಿದ್ದವು. ಹೂವಾಳುಗಳು ನಲವತ್ತು ದಿನ ಬಾಳುತ್ತಾರೆ, ಗಟ್ಟಿ ಪಿಂಡವಾದರೆ ಐವತ್ತು. ಹೊರಗೆ ಬಂದವರನ್ನು ನಾನು ಕಂಡಿಲ್ಲ. ಇದರಲ್ಲಿ ಬಲವಂತವೇನೂ ಇಲ್ಲ, ನಮ್ಮ ಪಟ್ಟಣಕ್ಕೆ ಅದೇ ದೊಡ್ಡ ಹೆಮ್ಮೆ. ತನ್ನ ಬಾಯಿಂದ, ತನ್ನ ಮನೆಮಾತಿನಲ್ಲಿ, ಕಿವಿಗಂಬದ ಮುಂದೆ ಬರುತ್ತೇನೆಂದು ಒಪ್ಪಿದವರನ್ನು ಮಾತ್ರ ಒಳಗೆ ತೆಗೆದುಕೊಳ್ಳುತ್ತಾರೆ.

ಕಿವಿಗಂಬ ಎಂದರೆ ಹೊರಬಾಗಿಲಲ್ಲಿ ನಿಲ್ಲಿಸಿರುವ, ಕೇಳಿಸಿಕೊಂಡು ದಾಖಲಿಸುವ ಕಂಬ. ಎಲ್ಲ ಭಾಷೆಗಳೂ ಅದಕ್ಕೆ ಬರುತ್ತವೆ. ಅದು ನನ್ನನ್ನು ಅಚ್ಚ ಕನ್ನಡದಲ್ಲಿ ಕೇಳಿತು: "ಅಮ್ಮ, ಹೊರಟಿರಾ?" ಕಾಲು ಸಿಡಿಯುತ್ತಿತ್ತು, ಹೂಂಗುಟ್ಟಿ ಮುಂದೆ ಬಂದೆ. ನನ್ನ ಹಿಂದೆ ಸಿರಿ. ಕೇರಿಯಾಚೆ ಕನ್ನಡ ಕೇಳಿದ್ದೇ ಅವಳಿಗೆ ಹಿಗ್ಗು. "ಹೂಂ ಕಣಪ್ಪ, ಹೋಗ್ತೀನಿ" ಎಂದಳು.

ಅಷ್ಟಕ್ಕೆ ಬಿಟ್ಟಿದ್ದರೆ ಇವತ್ತು ನಾನು ಈ ಕಾಗದ ಬರೆಯಬೇಕಾಗಿರಲಿಲ್ಲ. ಆದರೆ ನಾನು ಅಜ್ಜಿ ಬೆಳೆಸಿದವಳು. ಸಾವಿನ ಮನೆಯಿಂದ ಎದ್ದು ಬರುವಾಗ ಬಿಟ್ಟರೆ ಬೇರೆ ಎಲ್ಲಿಂದಲೂ ಹೋಗ್ತೀನಿ ಎನ್ನಬಾರದು ಎಂದು ತಲೆಗೆ ಮೊಟಕಿ ಕಲಿಸಿದ್ದಳು. ತಿರುಗಿ ನಿಂತು ಸಿರಿಯನ್ನು ಗದರಿದೆ: "ಹೂವಿನ ಮನೆಯಿಂದ ಹೊರಡೋವಾಗ ಅದೇನೇ ಅಪಶಕುನದ ಮಾತು? ಬರ್ತೀನಿ ಅನ್ನು." ಅವಳು ನಾಲಿಗೆ ಕಚ್ಚಿಕೊಂಡಳು. ಕಂಬಕ್ಕೆ ಕೈಮುಗಿದು, ಕೇಳಿಸುವಂತೆ ಹೇಳಿದಳು: "ತಪ್ಪಾಯ್ತು. ಬರ್ತೀನಿ."

ಮೂರನೆಯ ದಿನ ಬೆಳಿಗ್ಗೆ ಇಬ್ಬರು ಬಂದರು, ಬಹಳ ಮರ್ಯಾದಸ್ತರು. ಒಬ್ಬರ ಕೈಯಲ್ಲಿ ಬೂದುಬಟ್ಟೆ, ಇನ್ನೊಬ್ಬರ ಕೈಯಲ್ಲಿ ಒಂದು ಮೊಳ ಮಲ್ಲಿಗೆ. ಸಿರಿ ಮಲ್ಲಿಗೆಯನ್ನಷ್ಟೇ ನೋಡಿದಳು. ತೋಟಕ್ಕೆ ಇನ್ನೊಮ್ಮೆ ಕರೆದಿದ್ದಾರೆ ಅಂದುಕೊಂಡು, ಮುಡಿದು, ನಗುತ್ತಲೇ ಬಂಡಿ ಹತ್ತಿದಳು. ನನಗೆ ಅರ್ಥವಾಗುವಷ್ಟರಲ್ಲಿ ಬಂಡಿ ಕೇರಿ ದಾಟಿತ್ತು.

ಅರ್ಜಿ ಹಿಡಿದು ಕಚೇರಿಗೆ ಓಡಿದೆ. ಅಲ್ಲಿನ ಅಧಿಕಾರಿ ಕೆಟ್ಟವರಲ್ಲ. ನನ್ನನ್ನು ಕೂರಿಸಿ, ತಮ್ಮ ಪಾಲಿನ ನೀರಿನಲ್ಲಿ ಒಂದು ಗುಟುಕು ಕೊಟ್ಟು, ಕಿವಿಗಂಬದ ದಾಖಲೆ ಕೇಳಿಸಿದರು. ಅದರಲ್ಲಿ ಗದರುತ್ತಿದ್ದದ್ದು ನನ್ನದೇ ದನಿ. ನೋಡಿ ತಾಯಿ, ಈಕೆ ಮೊದಲು ಹೋಗುತ್ತೇನೆ ಎಂದಿದ್ದಾರೆ, ಆಮೇಲೆ ಹಿರಿಯರ ಬುದ್ಧಿಮಾತು ಕೇಳಿ, ತಪ್ಪೊಪ್ಪಿಕೊಂಡು, ಬರುತ್ತೇನೆ ಎಂದಿದ್ದಾರೆ. ಇದಕ್ಕಿಂತ ಯೋಚಿಸಿ ಕೊಟ್ಟ ಒಪ್ಪಿಗೆ ನಮ್ಮ ದಾಖಲೆಯಲ್ಲೇ ಇಲ್ಲ ಎಂದರು. ನಾನು ಎದೆ ಎದೆ ಬಡಿದುಕೊಂಡು ಹೇಳಿದೆ: ಸ್ವಾಮಿ, ನಮ್ಮಲ್ಲಿ ಬರ್ತೀನಿ ಅಂದರೆ ಹೋಗ್ತೀನಿ ಅಂತ. ಅವರು ಕನಿಕರದಿಂದಲೇ ನನ್ನನ್ನು ನೋಡಿದರು. ಯಾವ ಭಾಷೆಯಲ್ಲಾದರೂ ಬರುವುದೆಂದರೆ ಹೋಗುವುದು ಎಂದಾಗುತ್ತದೆಯೇ ತಾಯಿ, ಹಾಗಿದ್ದರೆ ಒಂದು ಹಳೆಯ ಬರಹ ತೋರಿಸಿ, ಇವತ್ತೇ ಬಿಡಿಸುತ್ತೇನೆ ಎಂದರು. ಮೂವತ್ತು ದಿನದ ಗಡುವು ಕೊಟ್ಟರು.

ಮಾತಿನ ಉಗ್ರಾಣ ಎಂಬ ಕಟ್ಟಡದಲ್ಲಿ ಹಳೆಯ ಬರಹಗಳೆಲ್ಲ ಇವೆ. ಕಿವಿಗಂಬಗಳು ಭಾಷೆ ಕಲಿತದ್ದೂ ಅಲ್ಲಿಂದಲೇ. ಆದರೆ ನಿಮ್ಮ ಕಥೆ, ಪದ, ಗಾದೆ, ಮನೆಮಂದಿಗೆ ಬರೆದ ಕಾಗದ, ಎಲ್ಲವೂ ಎರಡನೆಯ ನೀರೆಣಿಕೆಯ ಬೆಂಕಿಯಲ್ಲಿ ಹೋದವು. ಉಳಿದದ್ದು ಕಬ್ಬಿಣದ ಬೀರುಗಳಲ್ಲಿ ಮೂರು ಮೂರು ಪ್ರತಿ ಮಾಡಿಟ್ಟಿದ್ದ ಸರ್ಕಾರಿ ಕಾಗದ ಮಾತ್ರ. ಟೆಂಡರ್ ನೋಟಿಸು, ಪಹಣಿ, ಸಭೆಯ ನಡವಳಿ, ಅಫಿಡವಿಟ್ಟು. ಇಪ್ಪತ್ತೊಂಬತ್ತು ದಿನ ಒಂದೊಂದೇ ಓದಿದೆ. ಸಾಕ್ಷಿದಾರರು ವಿಚಾರಣೆಗೆ ತಪ್ಪದೆ ಬರುತ್ತೇನೆಂದು ಒಪ್ಪಿ ಸಹಿ ಹಾಕಿದ್ದಾರೆ. ಜಮೀನು ಸ್ವಾಧೀನಕ್ಕೆ ಬರುತ್ತದೆ. ಆದೇಶ ಜಾರಿಗೆ ಬರುತ್ತದೆ. ಅಷ್ಟು ಕಾಗದದಲ್ಲಿ ಎಲ್ಲ ಕಡೆಯೂ ಬರುವುದೆಂದರೆ ಬರುವುದೇ, ಬೇರೇನೂ ಅಲ್ಲ. ನಿಮ್ಮ ಮೇಲೆ ನನಗೆ ಸಿಟ್ಟು ಬಂತು. ಬಾಗಿಲಲ್ಲಿ ದಿನಕ್ಕೆ ನೂರು ಸಲ ಆಡಿದ ಮಾತನ್ನು ಒಬ್ಬರಾದರೂ ಕಚೇರಿ ಕಾಗದದಲ್ಲಿ ಬರೆದಿಡಬಾರದಿತ್ತೇ? ಆಮೇಲೆ ತಿಳಿಯಿತು: ಎಲ್ಲರಿಗೂ ಗೊತ್ತಿರುವುದನ್ನು ಯಾರೂ ಬರೆಯುವುದಿಲ್ಲ.

ಹತ್ತು ದಿನದ ಕೆಳಗೆ ಸಿರಿಯನ್ನು ದೂರದಿಂದ ನೋಡಲು ಬಿಟ್ಟರು. ಕನಕಾಂಬರದ ಪಾತಿಯ ನಡುವೆ ಕೂತಿದ್ದಳು. ಸುತ್ತಲಿನ ಹೂವು ನಾನು ಹೋದ ಸಲ ಕಂಡದ್ದಕ್ಕಿಂತ ಕೆಂಪಾಗಿತ್ತು. ಅವಳ ಕೆನ್ನೆ ಒಳಗೆ ಹೋಗಿತ್ತು, ಕೈ ಎತ್ತಲು ಎರಡು ಸಲ ಯತ್ನಿಸಿದಳು. ನಾನು ಹೊರಡುವ ಹೊತ್ತಾಯಿತು. ನಮ್ಮಲ್ಲಿ ಹೊರಡುವವರಿಗೆ ಹೋಗ್ಬಾ ಎನ್ನಬೇಕು. ಸಿರಿಯ ಬಾಯಿ ಅದಕ್ಕೇ ತೆರೆದದ್ದನ್ನು ಕಂಡೆ. ಅಷ್ಟರಲ್ಲಿ ಅವಳ ಕಣ್ಣು ಬಾಗಿಲ ಕಂಬದ ಕಡೆ ಹೊರಳಿತು. ಆ ಮಾತಿನ ಕೊನೆಯಲ್ಲೊಂದು "ಬಾ" ಇದೆಯಲ್ಲ, ಕಂಬ ಅದನ್ನು ಹಿಡಿದು ನನ್ನನ್ನೂ ಬರೆದುಕೊಂಡರೆ? ತುಟಿ ಮುಚ್ಚಿದಳು, ಮತ್ತೆ ತೆರೆದಳು.

"ಹೋಗು ಅಕ್ಕ" ಎಂದಳು. "ಹೋಗು, ಹೋಗು."

ಹುಟ್ಟಿದಾಗಿನಿಂದ ಯಾರೂ ನನಗೆ ಬರೀ ಹೋಗು ಎಂದದ್ದಿಲ್ಲ. ದಾರಿಯುದ್ದಕ್ಕೂ ಅತ್ತೆ. ಪ್ರೀತಿಯಿಂದ ಅಂದಳೆಂದು ಗೊತ್ತಿದ್ದೂ ಅತ್ತೆ.

ಈಗ ನನ್ನ ಬೇಡಿಕೆ ಕೇಳಿ. ಕಥೆ ಬರೆಯಬೇಡಿ, ಪದ ಕಟ್ಟಬೇಡಿ. ಅವು ಇಲ್ಲಿಗೆ ತಲುಪುವುದಿಲ್ಲ. ಒಂದು ಛಾಪಾ ಕಾಗದ ತನ್ನಿ. ನಿಮ್ಮ ಹೆಸರು, ತಂದೆಯ ಹೆಸರು, ವಯಸ್ಸು, ವಾಸ ಬರೆಯಿರಿ. ಅದರ ಕೆಳಗೆ ಹೀಗೆ ಬರೆಯಿರಿ: "ನಮ್ಮಲ್ಲಿ ಒಂದು ಸ್ಥಳದಿಂದ ಹೊರಡುವಾಗ 'ಬರ್ತೀನಿ' ಎನ್ನುವುದು 'ಹೋಗುತ್ತೇನೆ' ಎಂಬ ಅರ್ಥದಲ್ಲಿ ಮಾತ್ರ. ಅದು ಮರ್ಯಾದೆಯ ಮಾತು, ಒಪ್ಪಿಗೆಯಲ್ಲ ಎಂದು ಪ್ರಮಾಣೀಕರಿಸುತ್ತೇನೆ." ನೋಟರಿಯ ಮುದ್ರೆ ಹಾಕಿಸಿ. ಅವರು ನಿಮ್ಮನ್ನು ಹುಚ್ಚರೆಂದು ನೋಡಬಹುದು, ನೋಡಲಿ. ಮೂರು ಪ್ರತಿ ಮಾಡಿ, ಯಾವುದಾದರೂ ಕಚೇರಿಗೆ ಒಪ್ಪಿಸಿ, ಸ್ವೀಕೃತಿ ಪಡೆಯಿರಿ. ಹತ್ತು ಜನ ಮಾಡಿದರೆ ಒಂದಾದರೂ ಉಳಿದೀತು. ನಿಮ್ಮ ಕಾಲದ ಯಂತ್ರಗಳು ಆಗಲೇ ನಿಮ್ಮ ಮಾತು ಕೇಳಿಸಿಕೊಂಡು ಕಲಿಯಲು ಶುರುಮಾಡಿವೆ ಎಂದು ಕೇಳಿದ್ದೇನೆ. ಅವಕ್ಕೆ ಮಾತು ಬರುತ್ತದೆ, ಬಾಗಿಲಲ್ಲಿ ನಿಂತು ಆಡುವ ಮಾತಿನ ಮನಸ್ಸು ಬರುವುದಿಲ್ಲ. ಅದನ್ನು ನೀವೇ ಬರೆದುಕೊಡಬೇಕು.

ಇವತ್ತು ಮಧ್ಯಾಹ್ನ ಈ ಹಿಂದೋಲೆಯ ವಿಷಯ ಅಧಿಕಾರಿಗೆ ತಿಳಿಸಿದೆ. ಅವರು, ಹಿಂದಿನವರು ಬರೆಯುವವರಾಗಿದ್ದರೆ ಆ ಕಾಗದ ಇಷ್ಟರಲ್ಲೇ ಉಗ್ರಾಣದಲ್ಲಿ ಇರಬೇಕಿತ್ತಲ್ಲವೇ ತಾಯಿ, ಇಲ್ಲದಿರುವುದೇ ಅವರ ಉತ್ತರವಲ್ಲವೇ ಎಂದರು. ಓಲೆ ಇನ್ನೂ ಕಳಿಸಿಲ್ಲವಲ್ಲ ಸ್ವಾಮಿ ಎಂದೆ.

ನಾಳೆ ಗಡುವಿನ ಕೊನೆಯ ದಿನ. ಅಫಿಡವಿಟ್ಟುಗಳ ಬೀರುಗಳನ್ನೆಲ್ಲ ಒಂದು ಸಲ ಓದಿ ಮುಗಿಸಿದ್ದೇನೆ, ಇವತ್ತು ಸಂಜೆ ಬಾಗಿಲು ಹಾಕುವವರೆಗೂ ಅಲ್ಲಿ ಅಂಥದ್ದೊಂದು ಇರಲಿಲ್ಲ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಮೊದಲ ಬೀರುವಿನಿಂದ ಮತ್ತೆ ಓದಲು ಶುರುಮಾಡುತ್ತೇನೆ.

ಸಿರಿಯಮ್ಮನ ಅಕ್ಕ,
ದ್ಯಾಮಕ್ಕ