ಚಾಸಿಯ ಮೇಲಿನ ನಾಲ್ಕು

ವರ್ಕ್‌ಶಾಪಿನ ಹಿಂದಿನ ಕೋಣೆಯಿಂದ,
ಜೂನ್ ೧೪, ಬುಧವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಕಣ್ಣು ಹೇಗಿದೆ? ಪೊರೆ ತೆಗೆಸಿ ಹನ್ನೆರಡು ದಿನ ಆಯ್ತು, ಇನ್ನೂ ನೀರು ಸೋರುತ್ತಾ? ಹೊತ್ತುಹೊತ್ತಿಗೆ ಹನಿ ಹಾಕಿಸಿಕೋ, ಕೈಯಿಂದ ಉಜ್ಜಬೇಡ, ಬಗ್ಗಿ ಏನೂ ಎತ್ತಬೇಡ. ಅಣ್ಣನ ಸ್ಕೂಟರಿನ ಸದ್ದು ಸರಿಯಿಲ್ಲ ಅಂತ ಅದರ ಪಕ್ಕ ಕುಕ್ಕರಗಾಲಲ್ಲಿ ಕೂತಿದ್ದೆಯಂತೆ, ಸುದ್ದಿ ನನ್ನ ತನಕ ಬಂದಿದೆ. ಇನ್ನೊಂದು ತಿಂಗಳು ಅದು ಅದರ ಪಾಡಿಗೆ ಗೊರಗುಟ್ಟಿಕೊಂಡಿರಲಿ. ಈ ಕಾಗದವನ್ನು ಅತ್ತಿಗೆ ನಿನಗೆ ಓದಿ ಹೇಳ್ತಾರೆ ಅಂತ ಗೊತ್ತು. ಅತ್ತಿಗೇ, ನಿಮಗೊಂದು ಮಾತು: ಮಧ್ಯೆ ಅಣ್ಣ ಬಂದು ‘ಸಾಕು ಬಿಡು’ ಅಂದರೂ ನಿಲ್ಲಿಸಬೇಡಿ, ಒಂದು ಸಾಲೂ ಹಾರಿಸಬೇಡಿ. ಫೋನಿನಲ್ಲೇ ಹೇಳೋಣ ಅಂದರೆ ನಿಮ್ಮ ಮೂವರಲ್ಲಿ ಒಬ್ಬರಾದರೂ ಕಟ್ ಮಾಡಿಬಿಡ್ತೀರಿ.

ಶನಿವಾರ ನಾನು ಫೋನ್ ಮಾಡಿ ಕೇಳಿದೆನಲ್ಲ, ಆ ಕಾರಿನ ಕಥೆಯನ್ನು ಮೊದಲಿಂದ ಹೇಳ್ತೀನಿ. ಅವತ್ತು ನೀನು ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಮೂರು ವಾರದ ಹಿಂದೆ ಒಬ್ಬರು ಮೇಡಂ ಬಂದರು. ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿ ನಿವೃತ್ತಿಯಾದವರು. ಗ್ರೀಸ್ ಮೆತ್ತಿದ ಸ್ಟೂಲನ್ನು ನಾನು ಒರೆಸೋ ಮೊದಲೇ ಕೂತುಬಿಟ್ಟರು. ಅವರ ತಂದೆ ಡಾಕ್ಟರು. ರೋಗಿಗಳನ್ನು ನೋಡೋಕೆ ಒಂದು ಹಸಿರು ಕಾರಿನಲ್ಲಿ ಊರೂರು ತಿರುಗ್ತಿದ್ದರಂತೆ, ಹಿಂದಿನ ಸೀಟಿನಲ್ಲಿ ಈ ಮಗಳು ಕೂತು ಹೋಮ್‌ವರ್ಕ್ ಮಾಡ್ತಿದ್ದಳಂತೆ. ಮಗಳಿಗೆ ಹದಿನಾಲ್ಕಾದಾಗ ಅಪ್ಪ ತೀರಿಕೊಂಡರು, ಕಾರು ಮಾರಿದರು. ಆಗ ಶಾಲೆಯ ನೋಟುಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟುಕೊಂಡ ನೋಂದಣಿ ನಂಬರ್ ಇನ್ನೂ ಅವರ ಹತ್ತಿರ ಇದೆ. ಅದೇ ನಂಬರಿನ ಕಾರು ಈಗ ಒಂದು ಷೋರೂಮಿನಲ್ಲಿ ಮಾರಾಟಕ್ಕೆ ನಿಂತಿದೆ ಅಂತ ಯಾರೋ ಹೇಳಿದ್ದಾರೆ. ‘ಚೆನ್ನಾಗಿದೆಯಾ ಅಂತ ನಾನು ಕೇಳ್ತಿಲ್ಲ, ಇದು ನಮ್ಮಪ್ಪನ ಕಾರು ಹೌದೋ ಅಲ್ಲವೋ, ಅಷ್ಟು ನೋಡಿ ವರದಿ ಬರೆದುಕೊಡಿ’ ಅಂದರು. ಇಷ್ಟು ನೆಟ್ಟಗೆ ಪ್ರಶ್ನೆ ಕೇಳಿದ ಗಿರಾಕಿ ನನಗೆ ಇದುವರೆಗೆ ಸಿಕ್ಕಿರಲಿಲ್ಲ.

ಷೋರೂಮು ಯಾರದು ಗೊತ್ತಾ? ನಿನ್ನ ಹಳೇ ಮಾಲೀಕರ ಮಗನದು. ಹಳೇ ಕಾರುಗಳ ನಡುವೆ ಬಿಳಿ ಷೂ ಹಾಕಿಕೊಂಡು ಓಡಾಡ್ತಾನೆ, ಒಂದು ಕಲೆ ಇಲ್ಲ, ಅದನ್ನು ನೋಡಿದರೇ ಸಾಕು ಅವನು ಯಾವತ್ತೂ ಗಾಡಿಯ ಅಡಿಗೆ ಹೋದವನಲ್ಲ ಅಂತ. ನಾನವನಿಗೆ ಬಿಳಿ ಷೂ ಅಂತಲೇ ಹೆಸರಿಟ್ಟಿದ್ದೀನಿ. ಮೇಡಂ ಜೊತೆ ನಾನು ಒಳಗೆ ಹೋದ ಕೂಡಲೇ ‘ಓ, ನಮ್ಮ ಮೇಸ್ತ್ರಿ ಮಗಳಾ, ಬಾಮ್ಮಾ’ ಅಂತ ಬಾಯ್ತುಂಬ ಕರೆದ. ಬಾನೆಟ್ಟಿನ ಕೆಳಗಿನ ಹಿತ್ತಾಳೆ ತಗಡು ತೋರಿಸಿದ, ನೋಂದಣಿ ಪುಸ್ತಕ ಬಿಡಿಸಿ ಹಿಡಿದ, ಎರಡರಲ್ಲೂ ಕಂಪನಿಯ ಚಾಸಿ ನಂಬರ್ ಒಂದೇ. ಹಿತ್ತಾಳೆ ತಗಡನ್ನು ಯಾರು ಬೇಕಾದರೂ ಮಾಡಿಸಬಹುದು, ಅದನ್ನು ಕೂರಿಸಿದ ರಿವೆಟ್ ನೋಡು ಅಂತ ನೀನೇ ತಾನೇ ಕಲಿಸಿದ್ದು. ರಿವೆಟ್ ಹೊಸಾವು. ಬಟ್ಟೆ ಸುತ್ತಿದ ಅಯಸ್ಕಾಂತ ತೆಗೆದು ಕಾರಿನ ಮೈಯೆಲ್ಲ ಆಡಿಸಿದೆ. ಎಡಗಡೆ ಮಡ್‌ಗಾರ್ಡಿನಲ್ಲಿ ಅದು ಜಾರಿ ಬಿತ್ತು, ಅಲ್ಲಿ ತಗಡೇ ಇಲ್ಲ, ಬರೀ ಮೆತ್ತಿದ ಪುಟ್ಟಿ. ಬಾಗಿಲುಗಳು ಗಟ್ಟಿ. ಡ್ಯಾಶ್‌ಬೋರ್ಡಿನ ಅಡಿಯಲ್ಲಿ ಯಾರಿಗೂ ಕಾಣದ ಮೂಲೆಯಲ್ಲಿ ಬ್ಲೇಡಿನಿಂದ ಉಗುರಿನಷ್ಟು ಕೆರೆದೆ. ಕೆಂಪು, ಅದರ ಕೆಳಗೆ ಬಿಳಿ, ಅದರ ಕೆಳಗೆ ಪಾಚಿ ಹಸಿರು. ಮೇಡಂ ಬಗ್ಗಿ ನೋಡಿದರು. ಆಮೇಲೆ ತಾವೇ ಹಿಂದಿನ ಸೀಟಿಗೆ ಹೋಗಿ ಕೂತು ಬಾಗಿಲಿನಲ್ಲಿದ್ದ ಸಿಗರೇಟಿನ ಬೂದಿಡಬ್ಬಿಯನ್ನು ಎಳೆದು ಕೈಗೆ ತೆಗೆದುಕೊಂಡು ತಿರುಗಿಸಿದರು. ಅದರ ತಳದಲ್ಲಿ ಕೈವಾರದ ಮೊನೆಯಿಂದ ಗೀಚಿದ ಒಂದು ದೋಣಿ. ಏಳನೇ ತರಗತಿಯಲ್ಲಿ ಗೀಚಿದ್ದಂತೆ. ‘ಅಪ್ಪನಿಗೆ ಗೊತ್ತೇ ಆಗಲಿಲ್ಲ’ ಅಂತ ನಗ್ತಾ ನಗ್ತಾ ಅತ್ತುಬಿಟ್ಟರು. ಬಿಳಿ ಷೂ ಓಡಿ ಹೋಗಿ ನೀರು ತಂದುಕೊಟ್ಟ. ವ್ಯಾಪಾರ ಕುದುರಿತು ಅಂತ ಅವನ ಮುಖವೇ ಹೇಳ್ತಿತ್ತು.

ಅಲ್ಲಿಗೇ ನಿಲ್ಲಿಸಿ ಸೈ ಅನ್ನಬಹುದಿತ್ತು, ಅಪ್ಪಾ. ಎಲ್ಲರಿಗೂ ಸಂತೋಷ. ಆದರೆ ಅಡಿಗೆ ಹೋಗದೆ ಸೈ ಅನ್ನೋದು ನನ್ನ ಕೈಲಿ ಆಗಲ್ಲ. ಗೋಣಿ ಹಾಸಿಕೊಂಡು ಮಲಗಿದೆ. ಬಲಗಡೆ ಮುಂದಿನ ಚಕ್ರದ ಹತ್ತಿರ ಚಾಸಿಯ ಮೇಲೆ (ಅತ್ತಿಗೇ, ಚಾಸಿ ಅಂದರೆ ಗಾಡಿಯ ಮೈ ಹೊರೋ ಕಬ್ಬಿಣದ ಚೌಕಟ್ಟು) ಕಪ್ಪು ಬಣ್ಣ ದಪ್ಪಗೆ ಬಳಿದಿತ್ತು, ಅದೂ ಅಲ್ಲಿ ಮಾತ್ರ. ಥಿನ್ನರ್ ಹಾಕಿ ಒರೆಸಿದೆ. ನಂಬರ್ ಎದ್ದು ಬಂತು, ಪುಸ್ತಕದಲ್ಲಿದ್ದ ಅದೇ ನಂಬರ್. ಆದರೆ ಸುತ್ತಲಿನ ಕಬ್ಬಿಣ ಒಂದು ಕೂದಲೆಳೆಯಷ್ಟು ತಗ್ಗು, ಗ್ರೈಂಡರ್ ಉಜ್ಜಿದ ಗೆರೆ ಬೆರಳಿಗೆ ಸಿಕ್ಕಿತು. ಇನ್ನೊಂದು ವಿಷಯ. ಆ ಕಾಲದ ಆ ಮಾದರಿಯ ಗಾಡಿಗಳಲ್ಲಿ ಕಂಪನಿಯವರು ಹೊಡೆದ ಅಂಕಿಗಳು ಒಂದಕ್ಕೊಂದು ಓರೆ, ಒಂದು ಆಳ, ಒಂದು ತೇಲು. ಇಲ್ಲಿ ನೋಡಿದರೆ ಶಾಲೆಯ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಎಲ್ಲ ಒಂದೇ ಸಾಲು, ಒಂದೇ ಅಂತರ. ಇಷ್ಟು ಅಚ್ಚುಕಟ್ಟಾಗಿ ಸುತ್ತಿಗೆಯಿಂದ ಅಂಕಿಯ ಪಂಚ್ ಹೊಡೆಯೋ ಕೈ ನನಗೆ ಒಂದೇ ಒಂದು ಗೊತ್ತು. ನಾಲ್ಕನ್ನು ನೋಡಿದೆ. ಅದರ ಕಾಲಿನ ತುದಿ ಒಡೆದಿತ್ತು. ನಿನ್ನ ಪೆಟ್ಟಿಗೆಯಲ್ಲಿರೋ ನಾಲ್ಕರ ಪಂಚಿನ ಹಾಗೇ.

ವರ್ಕ್‌ಶಾಪಿಗೆ ಬಂದು ಕಪಾಟಿನ ಮೇಲಿನ ನಿನ್ನ ಪಂಚ್ ಪೆಟ್ಟಿಗೆ ಇಳಿಸಿದೆ. ಒಂದು ಅಲ್ಯೂಮಿನಿಯಂ ತುಂಡಿನ ಮೇಲೆ ನಾಲ್ಕನ್ನು ಹೊಡೆದೆ, ಷೋರೂಮಿನಲ್ಲಿ ತೆಗೆದ ಫೋಟೋ ಪಕ್ಕ ಇಟ್ಟು ಭೂತಗನ್ನಡಿ ಹಿಡಿದೆ. ಮೂರು ಸಲ ನೋಡಿದೆ. ನಾಲ್ಕನೇ ಸಲ ನೋಡೋ ಅಗತ್ಯ ಇರಲಿಲ್ಲ. ಆಮೇಲೇ ನಿನಗೆ ಫೋನ್ ಮಾಡಿದ್ದು. ನೀನು ‘ಮಾಲೀಕರು ಹೇಳಿದರು, ಮಾಡಿದೆ’ ಅಂದೆ. ಡಾಕ್ಟರ ಕಾರನ್ನು ಕೊಂಡವರು ಅದನ್ನು ಮರಕ್ಕೆ ಗುದ್ದಿ ಚಾಸಿ ಬಗ್ಗಿಸಿದ್ದರು, ಅದೇ ಮಾದರಿಯ ಇನ್ನೊಂದು ಗಾಡಿ ಎಲ್ಲಿಂದಲೋ ಕಾಗದಪತ್ರ ಇಲ್ಲದೆ ಬಂತು, ಇದರ ಮೈಯನ್ನು ಅದರ ಚಾಸಿಗೆ ಕೂರಿಸಿ, ಅದರ ನಂಬರ್ ಅರೆದು ಡಾಕ್ಟರ ಕಾರಿನ ನಂಬರ್ ಹೊಡೆದಿರಿ. ಇಷ್ಟು ಹೇಳಿ, ‘ವರದಿ ಅಂದರೆ ಎಲ್ಲಾನೂ ಬರೀಬೇಕು ಅಂತ ಏನಿಲ್ಲ ಮಗಾ’ ಅಂದೆ. ಅಷ್ಟರಲ್ಲಿ ಅಣ್ಣ ಫೋನ್ ಕಿತ್ತುಕೊಂಡು ‘ಅಪ್ಪನ ವಯಸ್ಸು ನೋಡು’ ಅಂದ. ನೋಡಿದ್ದೀನಿ. ಎಪ್ಪತ್ತಾರು. ನಿಜ ಹೇಳೋಕೆ ಅದೇನು ದೊಡ್ಡ ವಯಸ್ಸಲ್ಲ.

ಸೋಮವಾರ ಬಿಳಿ ಷೂ ಇಲ್ಲಿಗೇ ಬಂದ. ಎಣ್ಣೆ ಚೆಲ್ಲಿದ ನೆಲದ ಮೇಲೆ ತುದಿಗಾಲಲ್ಲಿ ನಿಂತುಕೊಂಡು ಮೆಲ್ಲಗೆ ಹೇಳಿದ, ‘ಆ ನಂಬರ್ ಯಾರು ಹೊಡೆದದ್ದು ಅಂತ ನನಗೂ ಗೊತ್ತಮ್ಮಾ. ಬೇರೆ ಯಾರೇ ಆಗಿದ್ದರೂ ಗಾಡಿಯ ಅಡಿಗೆ ಬಿಡ್ತಿರಲಿಲ್ಲ. ನೀನು ಅಂತ ಬಿಟ್ಟೆ.’ ಅಂದರೆ ಮಗಳು ಬಾಯಿಗೆ ಬೀಗ ಹಾಕಿಕೊಳ್ತಾಳೆ ಅನ್ನೋ ಧೈರ್ಯದ ಮೇಲೆ ನನ್ನನ್ನು ಒಳಗೆ ಬಿಟ್ಟಿದ್ದು. ನೀನು ಕೇಳಿಕೊಂಡಾಗ ನನ್ನ ಮನಸ್ಸು ಸ್ವಲ್ಪ ಅಲ್ಲಾಡಿತ್ತು, ಅದನ್ನು ಮುಚ್ಚಿಡಲ್ಲ. ಎರಡು ದಿನ ಏನೇನೋ ವಾಕ್ಯ ಮಾಡಿ ನೋಡಿದೆ. ‘ಚಾಸಿಯ ನಂಬರ್ ಪುಸ್ತಕಕ್ಕೆ ಹೊಂದುತ್ತದೆ’ ಅಂತ ಬರೆದು ತಿಪ್ಪೆ ಸಾರಿಸಿದರೆ ಅದು ಸುಳ್ಳೂ ಆಗ್ತಿರಲಿಲ್ಲ. ಅವನು ಬಂದು ಆ ಮಾತು ಆಡಿದ ಮೇಲೆ ಅಲ್ಲಾಡೋದು ನಿಂತಿತು. ‘ಮೇಸ್ತ್ರಿ ಹೆಸರು ಬೀದಿಗೆ ಬರುತ್ತೆ’ ಅಂದ. ಬರಲಿ, ನಿಮ್ಮ ತಂದೆಯ ಹೆಸರೂ ಅದರ ಜೊತೆಗೇ ಬರುತ್ತೆ, ಇಬ್ಬರೂ ಒಟ್ಟಿಗೇ ಕೆಲಸ ಮಾಡಿದವರಲ್ಲವಾ ಅಂದೆ. ಬಂದದ್ದಕ್ಕಿಂತ ಬೇಗ ಹೋದ.

ಅವನು ಹೋದ ಮೇಲೆ ಒಂದೇ ಉಸಿರಿಗೆ ವರದಿ ಬರೆದೆ. ಮೈ ಡಾಕ್ಟರ ಕಾರಿನದು, ಅನುಮಾನವೇ ಇಲ್ಲ. ಚಾಸಿ ಬೇರೆ ಗಾಡಿಯದು. ಅದರ ಮೇಲಿನ ನಂಬರ್ ಕಂಪನಿ ಹೊಡೆದದ್ದಲ್ಲ. ಹೊಡೆದ ಪಂಚ್ ನನ್ನ ಬಳಿ ಇದೆ, ಹೊಡೆದವರು ನನ್ನ ತಂದೆ. ಕೆಳಗೆ ಸಹಿ. ನಿನ್ನೆ ಮೇಡಂ ಬಂದು ಅದೇ ಸ್ಟೂಲಿನ ಮೇಲೆ ಕೂತು ಓದಿದರು. ಕೊನೇ ಸಾಲಿಗೆ ಬಂದಾಗ ಕನ್ನಡಕ ತೆಗೆದು ನನ್ನನ್ನು ನೋಡಿದರು. ಬೈತಾರೆ ಅಂತ ಕಾದೆ. ‘ಇದನ್ನು ಬರೆಯೋದು ಕಷ್ಟ ಆಯ್ತಾ?’ ಅಂದರು. ಹೌದು ಅಂದೆ. ಆಮೇಲೆ ಅವರು ಕೇಳಿದ ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ. ‘ಹಾಗಾದರೆ ಕೆಳಗಿನದು ಯಾರದು? ನಾನು ಇಷ್ಟು ವರ್ಷ ಹುಡುಕಿದ ಹಾಗೆ ಅದನ್ನೂ ಯಾರೋ ಹುಡುಕುತ್ತಿರಬಹುದಲ್ಲ?’ ಅದು ಗೊತ್ತಾಗೋವರೆಗೆ ಕಾರು ಕೊಳ್ಳಲ್ಲ ಅಂತ ಬಿಳಿ ಷೂಗೆ ನನ್ನೆದುರೇ ಫೋನ್ ಮಾಡಿ ಹೇಳಿದರು.

ನಿನ್ನ ಮೇಲೆ ಕೋಪ ಇಲ್ಲ ಅಂತ ಬರೆದರೆ ಸುಳ್ಳಾಗುತ್ತೆ. ಇದೆ. ಹುಡುಗಿ ಕೈಗೆ ಸ್ಪ್ಯಾನರ್ ಕೊಟ್ಟ ಅಂತ ಊರೆಲ್ಲ ನಕ್ಕಾಗ ಕ್ಯಾರೇ ಅನ್ನದ ಮನುಷ್ಯ, ಮಾಲೀಕರು ಹೇಳಿದರು ಅಂತ ಗ್ರೈಂಡರ್ ಹಿಡಿದದ್ದು ನನಗೆ ಅರಗ್ತಾ ಇಲ್ಲ. ಅಣ್ಣ ಮನೆಯ ಮರ್ಯಾದೆ ಅಂತಾನೆ. ಮೂವತ್ತೊಂದು ವರ್ಷ ಕಪ್ಪು ಬಣ್ಣದ ಕೆಳಗೆ ಮುಚ್ಚಿಟ್ಟ ಮರ್ಯಾದೆ ನನಗೆ ಬೇಡ. ಈ ವರ್ಕ್‌ಶಾಪಿನಿಂದ ಹೋಗೋ ಕಾಗದಕ್ಕೆ ಈಗ ಸಹಿ ಹಾಕೋಳು ನಾನು. ಗಿರಾಕಿಗಳು ಬರೋದು ಬಿಟ್ಟರೆ ಲಾರಿಗಳ ಬ್ರೇಕ್ ಕಟ್ಟಿಕೊಂಡು ಬದುಕ್ತೀನಿ. ಆದರೂ ಒಂದು ಹೇಳ್ತೀನಿ ಕೇಳು. ಗೋಣಿಯ ಮೇಲೆ ಮಲಗಿ ಆ ಅಂಕಿಗಳನ್ನು ನೋಡ್ತಿದ್ದಾಗ, ಒಡೆದ ನಾಲ್ಕು ಕಣ್ಣಿಗೆ ಬೀಳೋ ಮೊದಲು, ಎಷ್ಟು ಚೆನ್ನಾಗಿ ಹೊಡೆದಿದ್ದಾನೆ ನಮ್ಮಪ್ಪ ಅನ್ನಿಸಿತ್ತು. ಅದಕ್ಕೂ ಸೇರಿಸಿ ಕೋಪ.

ಅತ್ತಿಗೆಗೆ ನನ್ನ ನಮಸ್ಕಾರ, ಇಷ್ಟೂ ಓದಿದ್ದಕ್ಕೆ ಇನ್ನೊಂದು ನಮಸ್ಕಾರ. ಅಣ್ಣನ ಸಿಟ್ಟು ಇಳಿದ ಮೇಲೆ ಅವನನ್ನೂ ಕೇಳಿದೆ ಅಂತ ಹೇಳಿ. ನಿನ್ನ ಕಣ್ಣು ಬೇಗ ತಿಳಿಯಾಗಲಿ.

ನಿನ್ನ ಮಾತು ಕೇಳದ
ಮಗಳು

ತಾ.ಕ.: ಲಕೋಟೆ ಅಂಟಿಸುವಾಗ ಮೇಡಂ ಫೋನ್ ಬಂತು. ಭಾನುವಾರ ನಾವಿಬ್ಬರೂ ಅಲ್ಲಿಗೆ ಬರ್ತಿದ್ದೀವಿ. ಅರೆದು ಹಾಕೋ ಮೊದಲು ಆ ಚಾಸಿಯ ಮೇಲಿದ್ದ ನಂಬರ್ ಯಾವುದು ಅಂತ ಕೇಳ್ತಾರೆ. ಮರೆತೆ ಅನ್ನಬೇಡ. ನೀನು ಒಂದು ಸಲ ಮುಟ್ಟಿದ ಗಾಡಿಯ ನಂಬರ್ ಮರೆತದ್ದನ್ನು ನಾನು ಈ ಜನ್ಮದಲ್ಲಿ ನೋಡಿಲ್ಲ. ಅಣ್ಣನ ಬಾಯಲ್ಲಿ ಬೇಡ, ನೀನೇ ಹೇಳು. ಹೇಳಿದರೆ ನಿನ್ನ ಪಕ್ಕ ಕೂತು ಊಟ ಮಾಡಿ ಬರ್ತೀನಿ. ಹೇಳದಿದ್ದರೂ ಊಟ ಮಾಡ್ತೀನಿ, ಆದರೆ ನೀನು ಹೇಳೋವರೆಗೆ ಅಲ್ಲಿಂದ ಏಳಲ್ಲ.