ಎಲ್ಲಕ್ಕಿಂತ ಹಗುರವಾದ ಕಟ್ಟು

ಕಾಮಸಮುದ್ರ
14-9-1984, ಶುಕ್ರವಾರ

ಲೇ ಮುತ್ಯಾಲಮ್ಮ,

ನಿನ್ನ ಕೈಗೇನು ಲಕ್ವ ಹೊಡೆದಿದೆಯಾ? ಎರಡು ತಿಂಗಳಿಗೆ ಒಂದು ಕಾಗದ, ಅದರಲ್ಲಿ ಎಂಟು ಸಾಲು. ಮೂರನೇ ಕ್ಲಾಸಿಗೆ ಸ್ಲೇಟು ಕೆಳಗಿಟ್ಟ ನಾನು ಇನ್‌ಲ್ಯಾಂಡ್ ಲೆಟರಿನ ಮೂರು ಮಗ್ಗುಲೂ ತುಂಬಿಸಿ, ಅಂಟು ಹಚ್ಚುವ ಜಾಗದಲ್ಲೂ ಬರೆಯುತ್ತೇನೆ. ಎಸ್ಸೆಸ್ಸೆಲ್ಸಿ ಪಾಸಾದ ನೀನು ಮುಕ್ಕಾಲು ಕಾಗದ ಖಾಲಿ ಬಿಟ್ಟು ಕಳಿಸುತ್ತೀಯ. ಖಾಲಿ ಕಾಗದ ಓದುವ ವಿದ್ಯೆ ನನಗೆ ಬರುವುದಿಲ್ಲ.

ಬೈದದ್ದು ಸಾಕು. ಅಜ್ಜಿಯ ಆಶೀರ್ವಾದ ತಗೋ.

ನನ್ನದೂ ತಪ್ಪಿದೆ. ನಿನ್ನ ಕಾಗದ ಬಂದು ಹತ್ತು ದಿನವಾಯಿತು. ಬಂದ ದಿನ ಮನೆಯಲ್ಲಿ ತಿಥಿ. ಯಾರೋ ಅದನ್ನು ದೀಪದ ಗೂಡಿನಲ್ಲಿಟ್ಟರು, ನಾನು ತೆರೆದದ್ದು ಮೊನ್ನೆ. ನನ್ನ ತಂಗಿ, ನಿನ್ನ ನರಸಜ್ಜಿ, ಹೋದಳು ಕಣೇ. ಆಗಸ್ಟ್ ಇಪ್ಪತ್ತೈದು, ಶನಿವಾರ. ಜ್ವರ ಬಂದು ನಾಲ್ಕು ದಿನ ಮಲಗಿದ್ದಳು, ಐದನೆಯ ದಿನ ಬೆಳಿಗ್ಗೆ ಗಂಜಿ ತಗೊಂಡು ಹೋಗಿ ನೋಡಿದರೆ ಇಲ್ಲ. ನಿಮ್ಮಪ್ಪ ಆದಿನಾರಾಯಣ ಬಂಗಾರಪೇಟೆಯಿಂದ ಬಂದು ನೀರು ಬಿಟ್ಟ. ನಿನಗೆ ಕಾಗದ ಹಾಕಿದ್ದೇನೆ ಎಂದ. ಆದರೆ ನಿನ್ನ ಕಾಗದದ ಕೊನೆಯಲ್ಲಿ "ನರಸಜ್ಜಿಗೆ ನನ್ನ ನಮಸ್ಕಾರ ತಿಳಿಸು" ಎಂದಿದೆ. ನಿನ್ನ ಶಾಲೆಗೆ ಬರುವ ಕಾಗದವನ್ನೆಲ್ಲ ನಿಮ್ಮ ಮೇಷ್ಟ್ರು ಮೊದಲು ಓದುತ್ತಾನೆ, ಬೇಕಾದ್ದು ಕೊಡುತ್ತಾನೆ, ಬೇಡದ್ದು ಒಲೆಗೆ ಹಾಕುತ್ತಾನೆ. ನನ್ನ ಕಾಲದಲ್ಲೂ ಹಾಗೇ.

ಅದಕ್ಕೇ ಇದನ್ನು ಅಂಚೆಗೆ ಹಾಕುತ್ತಿಲ್ಲ. ಮಾರಿಕುಪ್ಪಂ ರೈಲಿನಲ್ಲಿ ಹೂ ಮಾರುವ ಕುಪ್ಪುಸ್ವಾಮಿ ಕೈಯಲ್ಲಿ ಕಳಿಸುತ್ತೇನೆ. ಅವನು ನಿನ್ನೆಯೇ ಬಂದವನು ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದಾನೆ. ಹಾಳೆ ಮೇಲೆ ಹಾಳೆ ಹರಿಯುವುದು ನೋಡಿ, "ಏನ್ ಪಾಟೀ, ಕಾಗ್ದಾನಾ ಇದು, ತಲೆದಿಂಬಾ?" ಎಂದ. ಅವನ ತಮಿಳಿಗೆ ನಾನು ಅಜ್ಜಿಯಲ್ಲ, ಪಾಟಿ. "ಬಾಯ್ಮುಚ್ಕೊಂಡು ಕುಡಿ," ಎಂದೆ. ಹಾಗೆಂದ ಮೇಲೆ ನನಗೇ ಕಸಿವಿಸಿಯಾಯಿತು. ಯಾಕೆಂದು ಮುಂದೆ ಓದು.

ಮನೆ ತುಂಬಾ ಸದ್ದಿಲ್ಲದೆ ಇದೆ. ನೀನು ನಗಬಹುದು, ಐವತ್ತು ವರ್ಷ ಮಾತಿಲ್ಲದೆ ಇದ್ದವಳು ಹೋದರೆ ಸದ್ದು ಕಡಿಮೆಯಾಗುವುದು ಹೇಗೆ ಎಂದು. ನಾನು ಮಾತಾಡುತ್ತಿದ್ದದ್ದು ಅವಳ ಜೊತೆ ತಾನೆ? ಬೆಳಿಗ್ಗೆ ಎದ್ದು ಹಾಲಿನವನನ್ನು ಬೈದು ಅವಳ ಕಡೆ ತಿರುಗಿದರೆ, ಸರಿ ಎನ್ನುವ ಹಾಗೆ ಗದ್ದ ಎತ್ತುತ್ತಿದ್ದಳು. ಈಗ ಹಾಲಿನವನನ್ನೂ ಬೈಯುತ್ತಿಲ್ಲ. ಅವನೇ ನಿನ್ನೆ ಕೇಳಿದ, "ಉಸಾರಿಲ್ವಾ ಅಜ್ಜಿ?" ಅಂತ.

ಅವಳು ಕೊನೆಯ ಸಲ ನಕ್ಕದ್ದು ಜುಲೈನಲ್ಲಿ. ಪಕ್ಕದ ಹಳ್ಳಿಯ ಆಂಜಿನಪ್ಪನನ್ನು ಎತ್ತಿನ ಗಾಡಿಯಲ್ಲಿ ತಂದು ನಮ್ಮ ಅಂಗಳದಲ್ಲಿ ಇಳಿಸಿದರು. ಯಾರೋ ದಾಯಾದಿ ಅವನ ಕಾಲಿಗೆ ಮಾಟದ ಕಟ್ಟು ಹಾಕಿಸಿದ್ದ. ಸೊಂಟದಿಂದ ಕೆಳಕ್ಕೆ ಕಲ್ಲು. ನಾನು ಕರಿದಾರ ತಂದು ಕೂತೆ.

"ಕೇಳಪ್ಪಾ," ಎಂದೆ.

"ಏನ್ ಕೇಳೋದು?"

"ಕಟ್ಟು ಬಿಡ್ಸು ಅಂತ ಬಾಯ್ಬಿಟ್ಟು ಮೂರು ಸಲ ಕೇಳು. ಆಮೇಕೆ ನಂದು ಕೆಲ್ಸ."

"ನಮ್ಮಪ್ಪನ್ನೇ ಏನೂ ಕೇಳ್ದೋನಲ್ಲ ನಾನು. ಒಂದು ಎಂಗಸ್ನ ಕೇಳ್ಲಾ?"

"ಕೇಳ್ಬೇಡ ಬುಡು. ಇಲ್ಲೇ ಕುಂತಿರು. ನಮ್ಮ ಕೋಳಿಗಳ್ಗೂ ಒಂದು ಜೊತೆ ಆಯ್ತದೆ."

ಎರಡು ದಿನ ಮೀಸೆ ತಿರುವಿಕೊಂಡು ಕೂತ. ಮೂರನೆಯ ದಿನ ಬೆಳಿಗ್ಗೆ ಅವನ ಹೊಟ್ಟೆ ಕೆಟ್ಟಿತು. ಕಾಲು ಏಳುವುದಿಲ್ಲ, ಹೊಟ್ಟೆ ತಡೆಯುವುದಿಲ್ಲ. ಒಂದೇ ಉಸಿರಿಗೆ ಒಂಬತ್ತು ಸಲ ಕೇಳಿದ. ಗಂಟು ಬಿಚ್ಚಿದೆ, ಹೊಲದ ಕಡೆ ಓಡಿದ ನೋಡು. ನಿನ್ನ ನರಸಜ್ಜಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಸದ್ದಿಲ್ಲ, ಭುಜ ಮಾತ್ರ ಕುಣಿಯುತ್ತಿತ್ತು.

ಈಗ ನಿನ್ನ ಕಾಗದದ ವಿಷಯಕ್ಕೆ ಬರುತ್ತೇನೆ. ನೀನು ಆ ಶಾಲೆಗೆ ಸೇರಲು ಕಾರಣ ನಾನೇ. ನಿಮ್ಮಪ್ಪ ಪಾಪ, ಬೋರ್ಡು ನೋಡಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ಎಂದುಕೊಂಡ. ನನ್ನ ಕಾಲದಲ್ಲಿ ಸೀಮೆಎಣ್ಣೆ ಡಿಪೋ ಬೋರ್ಡಿತ್ತು. ಬೋರ್ಡಿನ ಹಿಂದಿನ ಬಾಗಿಲು, ಮೆಟ್ಟಿಲು, ಕೆಳಗೆ ಮುಚ್ಚಿಹೋದ ಗಣಿಬಾವಿ, ಅದೆಲ್ಲ ಬದಲಾಗಿಲ್ಲ ಎಂದು ನಿನ್ನ ಕಾಗದದಿಂದ ತಿಳಿಯಿತು. "ಮೇಷ್ಟ್ರಿಗೆ ಐವತ್ತು ವರ್ಷವಿರಬಹುದು, ಎಡಗಿವಿಯ ತುದಿ ಇಲ್ಲ" ಎಂದು ಬರೆದಿದ್ದೀಯ. ಐವತ್ತು ವರ್ಷದ ಹಿಂದೆ ನಾನು ಹದಿನಾರರವಳು ಅಲ್ಲಿಗೆ ಹೋದಾಗಲೂ ಅವನಿಗೆ ಐವತ್ತೇ, ಕಿವಿಯ ತುದಿ ಆಗಲೂ ಇರಲಿಲ್ಲ. ಯಾರ ಆಯುಸ್ಸು ತಿಂದು ಬದುಕಿದ್ದಾನೋ.

ನಿನಗೆ ರಾತ್ರಿ ಊಟ ಮಾಡಿಸುವಾಗ ನಾನು ಏನು ಹೇಳುತ್ತಿದ್ದೆ? ಹಾಜರಿ ಕರೆದರೆ ಬಾವಲಿಗಳು ಬಂದೆ ಎನ್ನುವುದು, ನಿಂಬೆಹಣ್ಣು ಮೆಟ್ಟಿಲು ಹತ್ತಿ ಮೇಲಕ್ಕೆ ಉರುಳುವುದು. ಚೆನ್ನಾಗಿರುವುದನ್ನು ಮಾತ್ರ ಆರಿಸಿ ಬಡಿಸಿದೆ. ನೀನು ಕಟ್ಟು ಬಿಡಿಸುವುದನ್ನು ಕಲಿತು ಅಜ್ಜಿಯ ಹಾಗೆ ನಾಲ್ಕು ಜನಕ್ಕೆ ಒಳ್ಳೆಯದು ಮಾಡಬೇಕೆಂದು ಹೊರಟೆ. ಕಟ್ಟುವುದನ್ನು ಕಲಿಸದೆ ಬಿಡಿಸುವುದನ್ನು ಕಲಿಸುವ ಶಾಲೆ ಎಲ್ಲೂ ಇಲ್ಲ, ನಾನೂ ತಡೆಯಲಿಲ್ಲ. ಪರೀಕ್ಷೆಯ ಮಾತನ್ನು ಮಾತ್ರ ನುಂಗಿಕೊಂಡೆ. ನಿನಗೆ ಅಷ್ಟು ಬೇಗ ಪರೀಕ್ಷೆ ಇಡುತ್ತಾನೆಂದು ತಿಳಿದಿರಲಿಲ್ಲ.

ನೀನು ಬರೆದಿದ್ದೀಯ: "ಮಹಾಲಯ ಅಮಾವಾಸ್ಯೆ ದಿನ ಪರೀಕ್ಷೆ ಅಜ್ಜಿ. ಮನೆಯವರಲ್ಲಿ ಒಬ್ಬರಿಗೆ ಕಟ್ಟು ಹಾಕಬೇಕಂತೆ. ನನಗೆ ಅಳು ಬಂತು. ಮೇಷ್ಟ್ರು ಸಮಾಧಾನ ಮಾಡಿ, ನಾಲಿಗೆಗೆ ಹಾಕು, ಎಲ್ಲಕ್ಕಿಂತ ಹಗುರ, ನೋವಿಲ್ಲ, ಒಂದು ಗಂಟೆ ಬಿಟ್ಟು ಬಿಡಿಸು ಎಂದರು. ಅಮ್ಮನ ನಾಲಿಗೆಗೆ ಹಾಕುತ್ತೇನೆ. ಅಮ್ಮ ಒಂದು ಗಂಟೆ ಸುಮ್ಮನಿದ್ದರೆ ಅಪ್ಪನೂ ಸುಖವಾಗಿರುತ್ತಾರೆ."

ಅದನ್ನು ಓದಿ ನಾನು ಎದ್ದು ನಿಂತೆ, ಮತ್ತೆ ಕೂತೆ. ಮುತ್ಯಾಲು, ನಿನಗೆ ಪಾಠ ಬಾಯಿಗೆ ಬರುತ್ತದೆ. ಕಟ್ಟಿಸಿಕೊಂಡವರು ತಮ್ಮ ಬಾಯಿಂದ ಮೂರು ಸಲ ಕೇಳದೆ ಯಾವ ಕಟ್ಟೂ ಬಿಡುವುದಿಲ್ಲ. ನನಗೂ ಬಾಯಿಗೆ ಬರುತ್ತಿತ್ತು. ಈಗ ಹೇಳು, ನಾಲಿಗೆ ಕಟ್ಟಿದರೆ ಕೇಳುವುದು ಹೇಗೆ?

ನನ್ನ ಪರೀಕ್ಷೆಯ ದಿನವೂ ಅವನು ಇದೇ ಮಾತು ಹೇಳಿದ. ನನ್ನ ಪಕ್ಕದಲ್ಲಿ ಕೂತವನು ಅತ್ತಿಗೆಯ ಗರ್ಭಕ್ಕೆ ಗಂಟು ಹಾಕಿದ, ನಗುತ್ತಾ. ನಾನು ಕರಿದಾರ ಹಿಡಿದು, ಇವರೆಲ್ಲರಿಗಿಂತ ಒಳ್ಳೆಯವಳು ನಾನೇ ಎಂದುಕೊಂಡು, ನನ್ನ ತಂಗಿ ನರಸಮ್ಮನ ನಾಲಿಗೆಗೆ ಗಂಟು ಹಾಕಿದೆ. ಅವಳಿಗೆ ಆಗ ಹನ್ನೆರಡು. ಬಾವಿಗೆ ಹೋದರೆ ಬಾವಿಯ ಜೊತೆ, ಒಲೆ ಮುಂದೆ ಕೂತರೆ ಒಲೆಯ ಜೊತೆ ಮಾತಾಡುವ ಹುಡುಗಿ. ಒಂದು ಗಂಟೆ ತಾನೆ ಎಂದುಕೊಂಡೆ. ಎರಡು ಗಂಟೆಯ ಸೈರನ್ ಕೂಗಿದಾಗ ಗಂಟು ಬಿಗಿದೆ, ಮಾರಿಕುಪ್ಪಂನಿಂದ ರೈಲು ಹತ್ತಿ ಊರಿಗೆ ಓಡಿದೆ. ಅಂಗಳದಲ್ಲಿ ಬಾಯಿ ತೆರೆದುಕೊಂಡು ನಿಂತಿದ್ದಳು.

"ಬಿಡ್ಸು ಅನ್ನೇ ನರಸೂ. ಮೂರು ಸಲ ಅನ್ನು."

ತುಟಿ ಆಡಿಸಿದಳು. ನನ್ನ ಕಿವಿಗೆ ಏನೂ ಬೀಳಲಿಲ್ಲ.

ಮರುದಿನ ಆ ಮೇಷ್ಟ್ರ ಹತ್ತಿರ ಹೋಗಿ ಕಾಲು ಹಿಡಿದೆ. ಏನೋ ಬರೆಯುತ್ತಿದ್ದವನು ತಲೆ ಎತ್ತಲಿಲ್ಲ. "ನಾಲ್ಗೆ ಕಟ್ಟೋಕ್ಮುಂಚೆ ಯೋಚ್ನೆ ಮಾಡ್ಬೇಕಿತ್ತು. ಇಲ್ಲೇ ಇದ್ಬಿಡು. ಇನ್ನು ಊರಿಗೆ ಯಾವ ಮುಖ ಎತ್ಕೊಂಡು ಓಯ್ತೀಯ?" ಎಂದ. ಅವನ ಶಾಲೆ ನಡೆಯುವುದೇ ಹೀಗೆ ಕಣೇ. ಕೆಟ್ಟವರು ಕಲಿತು ತಮ್ಮ ಪಾಡಿಗೆ ಹೋಗುತ್ತಾರೆ. ಒಳ್ಳೆಯವರು ಹಗುರವಾದದ್ದನ್ನು ಆರಿಸಿ, ಮನೆಗೆ ಹೋಗಲಾರದೆ, ಅಲ್ಲೇ ಅವನ ಕಸ ಗುಡಿಸಿಕೊಂಡು ಉಳಿಯುತ್ತಾರೆ. ನಿನಗೆ ಅನ್ನ ಬಡಿಸುವ ಹೆಂಗಸು ತಲೆ ತಗ್ಗಿಸಿಕೊಂಡೇ ಬಡಿಸುತ್ತಾಳೆ ಎಂದು ಹಿಂದೆ ಬರೆದಿದ್ದೆಯಲ್ಲ, ಅವಳ ಮನೆಯಲ್ಲಿ ಯಾರ ಬಾಯಿ ಕಟ್ಟಿದೆ ಎಂದು ಒಂದು ದಿನ ಕೇಳು. ನಾನು ಮಾತ್ರ ನಾಚಿಕೆ ಬಿಟ್ಟು ಊರಿಗೆ ಬಂದೆ. ಅವಳನ್ನು ನೋಡಿಕೊಳ್ಳುವವರು ಬೇಕಲ್ಲ. ಮದುವೆಯಾದಾಗ ನಿಮ್ಮ ತಾತನಿಗೆ, ತಂಗಿ ಬಂದರೆ ನಾನೂ ಬರುತ್ತೇನೆ ಎಂದೆ.

ಒಂದು ಸಲ ಸ್ಲೇಟು ತಂದು ಅವಳಿಗೆ ಅಕ್ಷರ ಕಲಿಸಿದೆ. "ಬಿಡಿಸು ಅಕ್ಕ" ಎಂದು ಮೂರು ಸಲ ಬರೆಸಿದೆ. ಗುಂಡಗೆ ಬರೆದು, ಚೆನ್ನಾಗಿದೆಯಾ ಎನ್ನುವ ಹಾಗೆ ನನ್ನ ಮುಖ ನೋಡಿದಳು. ಕಟ್ಟು ಅಲುಗಲಿಲ್ಲ.

ಈಗ ಕೇಳು. ಪರೀಕ್ಷೆ ಕೊಡದೆ ಓಡಿ ಬರಬೇಡ, ಓಡಿದವರ ನಾಲಿಗೆಗೆ ಅವನೇ ಗಂಟು ಹಾಕುತ್ತಾನೆ. ನಿಮ್ಮಮ್ಮನ ಹೆಸರು ಎತ್ತಬೇಡ. ಅವಳ ಬಾಯಿ ನನಗೂ ಆಗುವುದಿಲ್ಲ, ಇಪ್ಪತ್ತು ವರ್ಷ ಆ ಬಾಯಿಗೂ ನನ್ನ ಬಾಯಿಗೂ ಜಗಳ. ಆದರೂ ಅದು ಇರಬೇಕು. ನನ್ನ ಹೆಸರು ಹೇಳು. ಅಪ್ಪನ ತಾಯಿ ಮನೆಯವಳೇ, ಅವನು ಬೇಡ ಎನ್ನಲಾರ. ಕಾಲಿಗೆ ಗಂಟು ಹಾಕು. ಅವನು, ಮುದುಕಿಯ ಕಾಲು ಪಾಪ, ನಾಲಿಗೆಯೇ ಹಗುರ ಎಂದು ಮತ್ತೆ ಅನ್ನುತ್ತಾನೆ. ನಿನ್ನ ಕರುಣೆ ಅಲ್ಲಿ ತೋರಿಸಬೇಡ. ಧೈರ್ಯವಾಗಿ ಬಿಗಿ.

ಪರೀಕ್ಷೆ ಮುಗಿದ ತಕ್ಷಣ ಬಂಗಾರಪೇಟೆಯಲ್ಲಿ ಇಳಿದು ಕಾಮಸಮುದ್ರದ ಬಸ್ಸು ಹತ್ತು. ನಾನು ಬಾಯಿಬಿಟ್ಟು ಕೇಳುತ್ತೇನೆ, ಊರಿಗೆಲ್ಲ ಕೇಳಿಸುವ ಹಾಗೆ. ಆಂಜಿನಪ್ಪನ ಜಂಬ ನನಗಿಲ್ಲ. ನಿನಗೆ ಬಿಡಿಸಲು ಬರದೆ ಹೋದರೂ ಅಳುತ್ತಾ ಕೂರಬೇಡ, ಅಲ್ಲಿಗೆ ವಾಪಸ್ಸು ಹೋಗಬೇಡ. ನನ್ನ ಮುಂದೆ ಬರಲು ನಿನಗೆ ನಾಚಿಕೆ ಯಾಕೆ? ಹಾಕು ಎಂದವಳೇ ನಾನು. ಅವನ ಹಿಡಿತ ನಿನ್ನ ಮೇಲೆ ಅಲ್ಲಿಗೆ ಮುಗಿಯಿತು.

ನೂರು ವರ್ಷ ಬಾಳು. ನಿನ್ನ ಕೈಯಿಂದ ಬಿಚ್ಚಿದ ಗಂಟುಗಳೇ ಹೆಚ್ಚಾಗಲಿ. ಎಣ್ಣೆ ಹಚ್ಚಿ ತಲೆ ಬಾಚಿಕೋ, ಆ ಬಾವಿಯ ಧೂಳಿಗೆ ಕೂದಲು ಉದುರುತ್ತದೆ.

ಇಂತಿ ನಿನ್ನ ಅಜ್ಜಿ,
ಅಕ್ಕಯ್ಯಮ್ಮ

ಮರೆತ ಮಾತು: ಮರೆತಿಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ಕಾಲು ಹಿಡಿದ ದಿನ ಅವನು ಇನ್ನೊಂದು ಮಾತೂ ಹೇಳಿದ. ಕಟ್ಟಿದವರು ಸತ್ತರೆ ಕಟ್ಟು ತಾನಾಗಿ ಬಿಡುತ್ತದೆ, ನಾಲಿಗೆಯದಾದರೂ ಸರಿ. ಅಂದರೆ ನಾನು ಯಾವತ್ತು ಹೋಗಿದ್ದರೂ ಅವತ್ತು ನರಸೂಗೆ ಮಾತು ಬರುತ್ತಿತ್ತು. ಬಾವಿ ಮನೆಯ ಹಿಂದೆಯೇ ಇತ್ತು. ಮೊದಮೊದಲು ನಿಮ್ಮಪ್ಪ ಎಳೆಗೂಸು ಎಂದುಕೊಂಡೆ. ಆಮೇಲೆ ಅವನು ದೊಡ್ಡವನಾದ. ಹೇಗೂ ನಾನೇ ದೊಡ್ಡವಳು, ನಾನೇ ಮೊದಲು ಹೋಗುತ್ತೇನೆ, ಅವಳಿಗೆ ಕೊನೆಗಾಲದಲ್ಲಾದರೂ ನಾಲ್ಕು ಮಾತು ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ ನನಗೆ ಬದುಕಿರುವುದು ಇಷ್ಟವಾಗಿತ್ತು. ಅವಳೇ ಮೊದಲು ಹೋದಳು. ಜ್ವರದಲ್ಲಿ ನಾಲ್ಕು ದಿನವೂ ತುಟಿ ಆಡಿಸುತ್ತಿದ್ದಳು, ನಾನು ಕಿವಿ ಹತ್ತಿರ ಇಟ್ಟು ಕೂತಿದ್ದೆ.

ಇದನ್ನು ನಾನು ಯಾರಿಗೂ ಹೇಳಿಲ್ಲ, ನಿನಗೇ ಮೊದಲು. ಓದಿ ನನ್ನ ಮೇಲೆ ಅಸಹ್ಯವಾದರೆ ಅದನ್ನೇ ಬರೆ, ಖಾಲಿ ಕಾಗದ ಮಾತ್ರ ಕಳಿಸಬೇಡ. ಇಪ್ಪತ್ತೈದನೇ ತಾರೀಖು ಮಂಗಳವಾರ, ನಿನ್ನ ಪರೀಕ್ಷೆಯ ದಿನ, ಎರಡು ಗಂಟೆಗೆ ನಾನು ಜಗಲಿಯ ಮೇಲೆ ಕಾಲು ಚಾಚಿಕೊಂಡು ಕೂತಿರುತ್ತೇನೆ. ಕಾಲು ಕಲ್ಲಾದರೆ ನೀನು ಬರುತ್ತೀಯ ಎಂದು ದಾರಿ ನೋಡುತ್ತೇನೆ. ಆಗದಿದ್ದರೆ ಅದೇ ಕಾಲಿನಲ್ಲಿ ಎದ್ದು ಬಂಗಾರಪೇಟೆಗೆ ಹೋಗಬೇಕು, ನಿಮ್ಮಮ್ಮ ನನ್ನನ್ನು ಬೈಯುತ್ತಾಳೋ ಇಲ್ಲವೋ ಕೇಳಲು. ಬರಲಾಗದೆ ಅವನು ಹಿಡಿದಿಟ್ಟರೆ ಕುಪ್ಪುಸ್ವಾಮಿ ಕೈಯಲ್ಲಿ ಎರಡು ಸಾಲಾದರೂ ಕೊಡು. ಅಕ್ಟೋಬರ್ ತಿಂಗಳು ಹುಟ್ಟುವ ಮೊದಲು ನಿನ್ನ ಉತ್ತರ ನನ್ನ ಕೈಯಲ್ಲಿರಬೇಕು.